ಬಸಿರಲ್ಲಿ ಸಕ್ಕರೆ: ಅಂಗೈಯಲ್ಲೊಂದು ಲೆಕ್ಕದ ಪುಸ್ತಕ

ಬಸವೇಶ್ವರನಗರದ ಹಾವನೂರು ವೃತ್ತದ ಸುತ್ತಮುತ್ತ ಒಮ್ಮೆ ಅಡ್ಡಾಡಿ ಬನ್ನಿ. ಬೇಕರಿ, ದರ್ಶಿನಿ, ಔಷಧಿ ಅಂಗಡಿ, ರಕ್ತಪರೀಕ್ಷೆಯ ಪ್ರಯೋಗಾಲಯ ಎಲ್ಲವೂ ಹತ್ತಿರದಲ್ಲೇ. ಇಲ್ಲಿನ ಗರ್ಭಿಣಿಗೆ ಸಿಹಿ ತಿನಿಸೂ ಸಮೀಪ, ಮೈಯೊಳಗಿನ ಸಿಹಿಯನ್ನು ಅಳೆಯುವ ಸಾಧನವೂ ಸಮೀಪ. ಈ ಸಾಲಿಗೆ ಈಗ ಸ್ಮಾರ್ಟ್‌ಫೋನಿನ ಆ್ಯಪ್ ಕೂಡ ಸೇರಿದೆ. ಊಟವಾಗಿ ಎರಡು ಗಂಟೆಯಾಯಿತೆಂದು ನೆನಪಿಸುತ್ತದೆ, ಅಂಕಿಗಳನ್ನು ಗೆರೆಯಾಗಿ ಎಳೆದು ತೋರಿಸುತ್ತದೆ. ಇದನ್ನು ಎಷ್ಟರಮಟ್ಟಿಗೆ ನಂಬಬಹುದು?

ಮೊದಲು ಕಾಯಿಲೆಯನ್ನು ತಿಳಿಯೋಣ. ಬಸಿರಿನಲ್ಲಿ ಮಾಸು ಸ್ರವಿಸುವ ಹಾರ್ಮೋನುಗಳು ತಾಯಿಯ ಇನ್ಸುಲಿನ್ ಕೆಲಸಕ್ಕೆ ಅಡ್ಡಿಯಾಗುತ್ತವೆ. ಆಗ ರಕ್ತದಲ್ಲಿ ಸಕ್ಕರೆ ಏರುತ್ತದೆ. ಈ ಸಕ್ಕರೆ ಮಾಸನ್ನು ದಾಟಿ ಮಗುವನ್ನು ಸೇರುತ್ತದೆ; ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಹೀಗಾಗಿ ಮಗುವೇ ಹೆಚ್ಚು ಇನ್ಸುಲಿನ್ ತಯಾರಿಸಿ ಬೇಗ ದಪ್ಪಗಾಗುತ್ತದೆ. ಹೆರಿಗೆ ಕಷ್ಟವಾಗಬಹುದು. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಸಕ್ಕರೆಯ ಪೂರೈಕೆ ನಿಂತು, ಕೂಸಿನ ರಕ್ತದಲ್ಲಿ ಅದು ಅಪಾಯಕರವಾಗಿ ಇಳಿಯಲೂಬಹುದು.

ಮೈಸೂರಿನ ಪಾಠ

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 6 ಮಂದಿಯಲ್ಲಿ ಈ ತೊಂದರೆ ಕಂಡಿತು. ಸಂಶೋಧಕರು ಅಲ್ಲಿಗೇ ಬಿಡದೆ ಮಕ್ಕಳನ್ನೂ ವರ್ಷಗಟ್ಟಲೆ ಗಮನಿಸಿದರು. 5ನೇ ವಯಸ್ಸಿಗೇ, ಅಂಥ ತಾಯಂದಿರ ಹೆಣ್ಣುಮಕ್ಕಳಲ್ಲಿ ಮೈಕೊಬ್ಬೂ ಇನ್ಸುಲಿನ್ ಪ್ರಮಾಣವೂ ಇತರರಿಗಿಂತ ಹೆಚ್ಚಾಗಿದ್ದವು. ಒಂಬತ್ತು ತಿಂಗಳ ಲೆಕ್ಕ ಮುಂದಿನ ತಲೆಮಾರಿನ ಲೆಕ್ಕವೂ ಹೌದು.

ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಪ್ರತಿ ಗರ್ಭಿಣಿಗೂ ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೇ ವಾರದಲ್ಲಿ ಇನ್ನೊಮ್ಮೆ ಪರೀಕ್ಷೆಯಾಗಬೇಕು. 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಯ ನಂತರ 140 ಅಥವಾ ಹೆಚ್ಚು ಬಂದರೆ ಗರ್ಭಿಣಿ ಮಧುಮೇಹ. ಆಮೇಲೆ ಸಾಮಾನ್ಯವಾಗಿ ಇಡುವ ಗುರಿ: ಖಾಲಿ ಹೊಟ್ಟೆಯಲ್ಲಿ 95ರ ಒಳಗೆ, ಊಟವಾದ ಎರಡು ಗಂಟೆಗೆ 120ರ ಒಳಗೆ. ಹೆಚ್ಚಿನವರಿಗೆ ಪಥ್ಯ, ನಡಿಗೆಯಷ್ಟೇ ಸಾಕು. ಸಾಲದಿದ್ದರೆ ಮಾತ್ರೆ, ಇನ್ಸುಲಿನ್ ಇವೆ.

ಆ್ಯಪ್ ಏನು ಮಾಡೀತು?

ಬೆರಳು ಚುಚ್ಚಿ ನೋಡಿದ ಅಂಕಿಯನ್ನು ಅದು ಜೋಪಾನವಾಗಿಡುತ್ತದೆ. ಬೆಳಿಗ್ಗೆ ಇಡ್ಲಿ ತಿಂದ ದಿನ ಎಷ್ಟು, ರಾಗಿ ಮುದ್ದೆ ಉಂಡ ದಿನ ಎಷ್ಟು ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಆದರೆ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವೊಂದು ಕಣ್ತೆರೆಸುವಂತಿದೆ. ಅಲ್ಲಿ ಆ್ಯಪಿನ ಅಂಕಿಗಳನ್ನು ಆಸ್ಪತ್ರೆಯವರು ಗಮನಿಸಿ ಸಲಹೆ ಕೊಡುತ್ತಿದ್ದರು. ತಾಯಂದಿರಿಗೆ ಹೆಚ್ಚು ಸಮಾಧಾನವಾಯಿತು. ಸಕ್ಕರೆಯ ಹತೋಟಿ ಮಾತ್ರ ಪುಸ್ತಕದಲ್ಲಿ ಬರೆದಿಡುವವರಿಗಿಂತ ಉತ್ತಮವಾಗಲಿಲ್ಲ. ಆ್ಯಪ್ ಒಳ್ಳೆಯ ಲೆಕ್ಕದ ಪುಸ್ತಕ, ವೈದ್ಯನಲ್ಲ. ಓದುವವರಿಲ್ಲದ ಲೆಕ್ಕದಿಂದ ಏನು ಪ್ರಯೋಜನ?

ಕೆಲವು ಎಚ್ಚರಿಕೆಗಳು ಅಗತ್ಯ. ವಿದೇಶಿ ಆ್ಯಪ್ ಬೇರೆ ಅಳತೆಯಲ್ಲಿ ತೋರಿಸಬಹುದು. ನಮ್ಮ 95 ಅಲ್ಲಿ 5.3. ಚಿಕ್ಕ ಅಂಕಿ ಕಂಡು ಹಿಗ್ಗಬೇಡಿ, ಅಳತೆಯನ್ನು ಮೊದಲೇ ಸರಿಪಡಿಸಿಕೊಳ್ಳಿ. ಒಂದು ಸೌಟು ಅನ್ನವೆಂದರೆ ಎಷ್ಟೆಂದು ಅದಕ್ಕೆ ತಿಳಿಯದು. ಮನೆಯ ಬಟ್ಟಲನ್ನೇ ಅಳತೆ ಮಾಡಿಕೊಂಡು ಆಹಾರತಜ್ಞರಿಗೆ ತೋರಿಸಿ. ಬೆರಳು ಚುಚ್ಚದೆಯೇ ಸಕ್ಕರೆ ಅಳೆಯುತ್ತೇವೆನ್ನುವ ಕೈಗಡಿಯಾರ, ಉಂಗುರಗಳನ್ನು ನಂಬಬೇಡಿರೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೇ 2024ರಲ್ಲಿ ಎಚ್ಚರಿಸಿದೆ. ಇನ್ಸುಲಿನ್ ಪ್ರಮಾಣವನ್ನಂತೂ ಆ್ಯಪ್ ನೋಡಿ ಬದಲಿಸಲೇಬಾರದು. ಬೆವರು, ನಡುಕ, ತಲೆಸುತ್ತು ಬಂದರೆ ತಕ್ಷಣ ಸಕ್ಕರೆ ಪರೀಕ್ಷಿಸಿ. 70ಕ್ಕಿಂತ ಕಡಿಮೆಯಿದ್ದರೆ ಗ್ಲೂಕೋಸ್ ನೀರು ಕುಡಿದು ವೈದ್ಯರಿಗೆ ತಿಳಿಸಿ.

ಮನೆಯವರ ಪಾತ್ರವೂ ಸಣ್ಣದಲ್ಲ. ‘ಎರಡು ಜೀವ, ಇನ್ನೊಂದು ತುತ್ತು ತಿನ್ನು’ ಎಂಬ ಅಕ್ಕರೆಯ ಒತ್ತಾಯದ ಮುಂದೆ ಆ್ಯಪಿನ ಗಂಟೆ ಸೋತುಹೋಗುತ್ತದೆ. ಸೀಮಂತದ ದಿನ ಬಯಕೆ ಬುತ್ತಿಯಲ್ಲಿ ಸಿಹಿ ಕಡಿಮೆ ಮಾಡಿ, ಕೋಸಂಬರಿ, ಪಲ್ಯ ಹೆಚ್ಚಿಸಿದರೆ ಶಾಸ್ತ್ರಕ್ಕೇನೂ ಕುಂದಿಲ್ಲ. ಊಟದ ನಂತರ ಅವಳ ಜೊತೆ ಉದ್ಯಾನದಲ್ಲಿ ಹತ್ತು ಹೆಜ್ಜೆ ಹಾಕುವ ಗಂಡ ಯಾವ ಆ್ಯಪಿಗೂ ಕಡಿಮೆಯಲ್ಲ.

ಹೆರಿಗೆಯಾದೊಡನೆ ಹೆಚ್ಚಿನವರ ಸಕ್ಕರೆ ಇಳಿಯುತ್ತದೆ, ಆ್ಯಪನ್ನೂ ಅಳಿಸಿಹಾಕುತ್ತಾರೆ. ತಪ್ಪಾಗುವುದು ಇಲ್ಲೇ. ಇಂಥ ತಾಯಂದಿರಿಗೆ ಮುಂದೆ ಕಾಯಂ ಮಧುಮೇಹ ಬರುವ ಸಂಭವ ಇತರರಿಗಿಂತ ಹಲವು ಪಟ್ಟು ಹೆಚ್ಚು. ಹೆರಿಗೆಯಾದ ಆರು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಬೇಕು, ಆಮೇಲೆ ವರ್ಷಕ್ಕೊಮ್ಮೆ. ಕೂಸಿನ ಲಸಿಕೆಯ ದಿನವನ್ನು ನೆನಪಿಸುವ ಫೋನಿನಲ್ಲೇ ತಾಯಿಯ ರಕ್ತಪರೀಕ್ಷೆಯ ದಿನಕ್ಕೂ ಒಂದು ಗಂಟೆ ಇಟ್ಟುಕೊಳ್ಳಿ.