ಮನಸ್ಸು ಮಾಡದ ಮತದಾರರು

ಪ್ರತಿವರ್ಷವೂ ಮುಂಬಯಿಯ ಮಳೆ ಹಿಡಿದುಕೊಳ್ಳುವ ಹೊತ್ತಿಗೆ ನಮ್ಮ ಶಾಲೆಯಲ್ಲಿ ವಿದ್ಯಾರ್ಥಿ ಮುಖಂಡನ ಚುನಾವಣೆ ನಡೆಯುತ್ತದೆ. ಉಮೇದುವಾರರೂ ಅವರ ಗೆಳೆಯರೂ ಮಧ್ಯಾಹ್ನದ ಬಿಡುವಿನಲ್ಲಿ ವರ್ಗದಿಂದ ವರ್ಗಕ್ಕೆ ಓಡಾಡುತ್ತಾರೆ. ಅವರಲ್ಲಿ ಬಹುಮಂದಿ ತಮ್ಮ ಪ್ರಚಾರವನ್ನೆಲ್ಲ, ತಮಗೆ ಮತ ಕೊಡಲು ಮೊದಲೇ ಒಪ್ಪಿಕೊಂಡವರ ಮುಂದೆಯೇ ಮಾಡುತ್ತಾರೆಂಬುದನ್ನು ನಾವು ಗಮನಿಸಿದ್ದೇವೆ. ಅಲ್ಲಿ ಚಪ್ಪಾಳೆ ದೊರೆಯುತ್ತದೆ, ಜಯಘೋಷ ಕೇಳುತ್ತದೆ, ಮನಸ್ಸಿಗೆ ಹಿತವೆನಿಸುತ್ತದೆ. ಕಡೆಯ ಬೆಂಚಿನಲ್ಲಿ ಕುಳಿತು ಎರಡು ಕಡೆಯ ಮಾತನ್ನೂ ಕೇಳಿ ಏನೊಂದನ್ನೂ ಹೇಳದೆ ಇರುವ ಹುಡುಗನ ಬಳಿಗೆ ಹೋಗುವವರು ವಿರಳ. ಆದರೆ ಮತಪೆಟ್ಟಿಗೆಯನ್ನು ತೆರೆದಾಗ ಫಲವನ್ನು ನಿರ್ಣಯಿಸಿರುವವನು ಅನೇಕ ಸಲ ಅವನೇ ಆಗಿರುತ್ತಾನೆ.

ಶಾಲೆಯ ಈ ಸಣ್ಣ ಸಂಗತಿಯು ದೊಡ್ಡ ರಾಷ್ಟ್ರಗಳ ಚುನಾವಣೆಗಳಿಗೂ ಸಲ್ಲುವಂಥದು. ಇನ್ನೂ ಮನಸ್ಸು ಮಾಡದ ಮತದಾರನೆಂದರೆ ಯಾರು, ಅವನನ್ನು ಒಲಿಸಿಕೊಳ್ಳುವ ಬಗೆ ಯಾವುದು, ಅವನನ್ನು ಕಡೆಗಣಿಸಿದರೆ ಆಗುವ ಫಲವೇನು ಎಂಬುದನ್ನು ತಿಳಿಯಲು ೧೯೪೮ನೆಯ ಇಸವಿಯಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನಡೆದ ಅಧ್ಯಕ್ಷ ಚುನಾವಣೆಗಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ. ಅದನ್ನೇ ಇಲ್ಲಿ ವಾಚಕರ ಮುಂದೆ ಇಡಲು ಬಯಸುತ್ತೇವೆ.

ಮೊದಲು ಅಲ್ಲಿಯ ಪದ್ಧತಿಯನ್ನು ಕುರಿತು ಎರಡು ಮಾತು. ನಮ್ಮ ರಾಷ್ಟ್ರಪತಿಯನ್ನು ಸಂಸತ್ತಿನ ಮತ್ತು ರಾಜ್ಯ ವಿಧಾನಸಭೆಗಳ ಚುನಾಯಿತ ಸದಸ್ಯರು ಆರಿಸುತ್ತಾರೆ. ಸಾಮಾನ್ಯ ಪ್ರಜೆಗೆ ಆ ಚುನಾವಣೆಯಲ್ಲಿ ನೇರವಾದ ಮತವಿಲ್ಲ. ಅಮೆರಿಕದಲ್ಲಿ ಪ್ರಜೆಗಳು ತಮ್ಮ ತಮ್ಮ ಸಂಸ್ಥಾನದ ನಿರ್ವಾಚಕರನ್ನು ಮತ ಕೊಟ್ಟು ಆರಿಸುತ್ತಾರೆ. ಆ ನಿರ್ವಾಚಕರು ಅಧ್ಯಕ್ಷನನ್ನು ಆರಿಸುತ್ತಾರೆ. ಒಂದು ಸಂಸ್ಥಾನದಲ್ಲಿ ಯಾವ ಉಮೇದುವಾರನಿಗೆ ಹೆಚ್ಚು ಮತ ಬರುವುದೋ, ಆ ಹೆಚ್ಚಳ ಎಷ್ಟೇ ಸ್ವಲ್ಪವಾಗಿರಲಿ, ಅಲ್ಲಿಯ ನಿರ್ವಾಚಕರೆಲ್ಲರೂ ಸಾಮಾನ್ಯವಾಗಿ ಅವನ ಪಾಲಾಗುತ್ತಾರೆ. ೧೯೪೮ರಲ್ಲಿ ಸಂಸ್ಥಾನಗಳು ೪೮, ನಿರ್ವಾಚಕರು ೫೩೧, ಗೆಲ್ಲಲು ಬೇಕಾದವರು ೨೬೬ ಮಂದಿ.

ಅಂದು ಅಧ್ಯಕ್ಷ ಪದವಿಯಲ್ಲಿದ್ದವರು ಡೆಮಾಕ್ರಟಿಕ್ ಪಕ್ಷದ ಹ್ಯಾರಿ ಟ್ರೂಮನ್. ಅವರು ಮಿಸೌರಿ ಸಂಸ್ಥಾನದವರು; ಯೌವನದಲ್ಲಿ ಹೊಲದಲ್ಲಿ ದುಡಿದವರು; ಬಳಿಕ ಉಡುಪಿನ ಅಂಗಡಿಯೊಂದನ್ನು ಇಟ್ಟು ಅದರಲ್ಲಿ ನಷ್ಟವನ್ನನುಭವಿಸಿ ಸಾಲ ತೀರಿಸಿದವರು. ೧೯೪೫ರ ಏಪ್ರಿಲ್ ೧೨ರಂದು ಅಧ್ಯಕ್ಷ ರೂಸ್‌ವೆಲ್ಟರು ನಿಧನರಾದಾಗ, ಉಪಾಧ್ಯಕ್ಷರಾಗಿದ್ದ ಟ್ರೂಮನ್ನರಿಗೆ ಆ ಪೀಠವು ಬಂದಿತು. ಅಷ್ಟು ದೊಡ್ಡವರ ನಂತರ ಬಂದ ಈ ಸಾಮಾನ್ಯ ಮನುಷ್ಯನನ್ನು ಜನ ಹಗುರವಾಗಿಯೇ ಕಂಡರು. ಯುದ್ಧಾನಂತರದ ಬೆಲೆಯೇರಿಕೆ, ಮನೆಗಳ ಅಭಾವ, ಕಾರ್ಮಿಕರ ಮುಷ್ಕರಗಳು ಇವೆಲ್ಲವೂ ಅವರ ತಲೆಗೇ ಕಟ್ಟಲ್ಪಟ್ಟುವು. ಸಾಲದುದಕ್ಕೆ ಅವರ ಪಕ್ಷವೇ ಒಡೆಯಿತು. ಕರಿಯ ಜನರಿಗೆ ಸಮಾನ ಹಕ್ಕು ದೊರೆಯಬೇಕೆಂಬ ನೀತಿಯನ್ನು ಸಹಿಸದ ದಕ್ಷಿಣದವರು ಸ್ಟ್ರಾಮ್ ಥರ್ಮಂಡರನ್ನು ಬೇರೆಯಾಗಿ ನಿಲ್ಲಿಸಿದರು. ರಷ್ಯದೊಡನೆ ಸ್ನೇಹ ಬೇಕೆಂದವರು ಹೆನ್ರಿ ವ್ಯಾಲೇಸರ ಹಿಂದೆ ಹೋದರು. ಎದುರಾಳಿಯಾದ ರಿಪಬ್ಲಿಕನ್ ಪಕ್ಷದ ಥಾಮಸ್ ಡ್ಯೂಯಿ ನ್ಯೂಯಾರ್ಕ್ ಸಂಸ್ಥಾನದ ಗವರ್ನರರು, ಪಾತಕಿಗಳ ಗುಂಪುಗಳನ್ನು ನ್ಯಾಯಾಲಯಕ್ಕೆಳೆದು ಹೆಸರು ಪಡೆದ ಸಮರ್ಥ ವಕೀಲರು.

ಡ್ಯೂಯಿಯವರ ಗೆಲುವಿನಲ್ಲಿ ಬಲ್ಲವರಾರಿಗೂ ಸಂಶಯವಿರಲಿಲ್ಲ. ಜನಾಭಿಪ್ರಾಯವನ್ನು ಅಳೆಯುವುದರಲ್ಲಿ ಪ್ರಸಿದ್ಧರಾಗಿದ್ದ ಎಲ್ಮೋ ರೋಪರ್ ಎಂಬವರು ಸೆಪ್ಟೆಂಬರದಲ್ಲಿಯೇ, ಫಲವು ನಿಶ್ಚಿತವಾಗಿರುವುದರಿಂದ ಇನ್ನು ಅಳೆಯುವುದರಲ್ಲಿ ಅರ್ಥವಿಲ್ಲವೆಂದು ಸಾರಿದರು. ‘ನ್ಯೂಸ್‌ವೀಕ್’ ವಾರಪತ್ರಿಕೆಯು ರಾಜಕೀಯವನ್ನು ಬಲ್ಲ ೫೦ ಮಂದಿ ಪತ್ರಕರ್ತರನ್ನು ವಿಚಾರಿಸಿದಾಗ ಐವತ್ತು ಮಂದಿಯೂ ಡ್ಯೂಯಿಯವರ ಹೆಸರನ್ನೇ ಹೇಳಿದರು.

ಈ ಭರವಸೆಯೇ ಡ್ಯೂಯಿಯವರ ಪ್ರಚಾರವನ್ನು ರೂಪಿಸಿತು. ಗೆದ್ದೇ ಗೆಲ್ಲುವವನು ಯಾರ ಮನಸ್ಸನ್ನೂ ನೋಯಿಸದೆ, ಯಾವ ಪ್ರಶ್ನೆಗೂ ಸಿಕ್ಕಿಬೀಳದೆ ದಿನಗಳನ್ನು ಕಳೆದರೆ ಸಾಕಲ್ಲವೆ! ಅವರ ಭಾಷಣಗಳು ಗಂಭೀರವಾಗಿದ್ದುವು, ಸುಸಂಸ್ಕೃತವಾಗಿದ್ದುವು. ಆದರೆ ಐಕ್ಯ, ಭವಿಷ್ಯ, ಪ್ರಗತಿ ಎಂಬ ದೊಡ್ಡ ಶಬ್ದಗಳ ಹೊರತು ಕೇಳುವವನ ಕೈಗೆ ಹತ್ತುವಂಥದು ಅವುಗಳಲ್ಲಿ ಅಷ್ಟಾಗಿ ಇರಲಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆಂಬ ನಮ್ಮ ಗಾದೆಯು ಆ ದಿನಗಳ ರಿಪಬ್ಲಿಕನ್ ಪಾಳಯಕ್ಕೆ ಚೆನ್ನಾಗಿ ಒಪ್ಪುತ್ತದೆ.

ಟ್ರೂಮನ್ನರಾದರೋ ಬೇರೆಯ ದಾರಿಯನ್ನು ಹಿಡಿದರು. ಪತ್ರಿಕೆಗಳಲ್ಲಿ ಹೆಚ್ಚಿನವು ತಮಗೆ ವಿರೋಧ. ಪಕ್ಷದ ಬೊಕ್ಕಸದಲ್ಲಿ ಹಣವಿಲ್ಲ. ಒಮ್ಮೆಯಂತೂ ಓಕ್ಲಹೋಮದಲ್ಲಿ, ಅಲ್ಲಿಯೇ ಹಣ ಕೂಡಿಸದೆ ಗಾಡಿಯು ಮುಂದೆ ಹೊರಡದಂಥ ಸ್ಥಿತಿ. ಹೀಗಿರುವಾಗ ಜನರ ಬಳಿಗೆ ತಾವೇ ಹೋಗುವುದೊಂದೇ ಅವರಿಗೆ ಉಳಿದ ಉಪಾಯ. ಅವರು ರೈಲುಗಾಡಿಯಲ್ಲಿ ಸುಮಾರು ೩೦,೦೦೦ ಮೈಲಿ ಸಂಚರಿಸಿದರು; ೩೦೦ಕ್ಕೂ ಮಿಕ್ಕಿ ಭಾಷಣ ಮಾಡಿದರು. ಗಾಡಿಯು ಸೀಟಿ ಹಾಕಿ ಕ್ಷಣಕಾಲ ನಿಲ್ಲುವ ಸಣ್ಣ ಸ್ಟೇಷನ್ನುಗಳನ್ನೂ ಅವರು ಬಿಡಲಿಲ್ಲ. ಅಧ್ಯಕ್ಷರು ಇಂಥ ಕುಗ್ರಾಮಗಳಲ್ಲೆಲ್ಲ ನಿಂತು ಶಾಸನಸಭೆಯನ್ನು ನಿಂದಿಸುತ್ತಿದ್ದಾರೆಂದು ಎದುರು ಪಕ್ಷದ ನಾಯಕ ರಾಬರ್ಟ್ ಟಾಫ್ಟರು ಆಕ್ಷೇಪಿಸಿದಾಗ, ಟ್ರೂಮನ್ನರ ಪಕ್ಷದವರು ದಾರಿಯುದ್ದದ ಪಟ್ಟಣಗಳಿಗೆ ತಂತಿ ಕಳುಹಿಸಿ, ನಿಮ್ಮೂರನ್ನು ಹೀಗೆ ಕರೆದುದು ನಿಮಗೆ ಒಪ್ಪಿಗೆಯೆ ಎಂದು ಕೇಳಿದರು! ಊರುಗಳ ಅಭಿಮಾನ ಕೆರಳಿತು, ಆಕ್ಷೇಪವೇ ಪ್ರಚಾರವಾಯಿತು.

ಗಾಡಿಯ ಕಡೆಯ ಡಬ್ಬಿಯ ಹಿಂಬದಿಯ ಮೊಗಸಾಲೆಯಲ್ಲಿ ನಿಂತು ಅವರು ಮಾತನಾಡುತ್ತಿದ್ದರು. ಬರೆದುದನ್ನು ಓದಿದರೆ ತಮ್ಮ ಭಾಷಣ ಸಪ್ಪೆಯಾಗುತ್ತದೆಂಬುದನ್ನು ಅರಿತು, ನಾಲ್ಕು ಟಿಪ್ಪಣಿಗಳನ್ನಷ್ಟೇ ಇಟ್ಟುಕೊಂಡು ಸರಳವಾದ ಆಡುಮಾತಿನಲ್ಲಿ ಹೇಳುತ್ತಿದ್ದರು. ಮೊದಲು ಆ ಊರಿನ ಸಂಗತಿ, ಆ ಮೇಲೆ ಆ ಊರಿನವರ ಕಷ್ಟ, ಅದಕ್ಕೆ ಕಾರಣ ಯಾರೆಂಬ ತಮ್ಮ ವಾದ. ಕೊನೆಗೆ ಮಡದಿಯನ್ನೂ ಮಗಳನ್ನೂ ಕರೆದು ಜನರಿಗೆ ಪರಿಚಯ ಮಾಡಿಕೊಡುತ್ತಿದ್ದರು. ನನಗಾಗಿ ಮತ ಕೊಡಬೇಡಿ, ನಿಮ್ಮ ಹಿತಕ್ಕಾಗಿ ಕೊಡಿ ಎಂಬುದು ಅವರ ಮಾತಿನ ಪಲ್ಲವಿಯಾಗಿತ್ತು.

ಸೆಪ್ಟೆಂಬರ ೧೮ರಂದು ಅಯೋವ ಸಂಸ್ಥಾನದ ಡೆಕ್ಸ್‌ಟರ್ ಎಂಬ ಹಳ್ಳಿಯಲ್ಲಿ ನೇಗಿಲ ಸ್ಪರ್ಧೆಯೊಂದು ನಡೆಯಿತು. ಹತ್ತಾರು ಸಾವಿರ ಒಕ್ಕಲಿಗರು ಕೂಡಿದ್ದ ಆ ಹೊಲದಲ್ಲಿ ಟ್ರೂಮನ್ನರು ಕಾಳಿನ ಕಣಜಗಳ ವಿಷಯವನ್ನೆತ್ತಿದರು. ಆ ವರ್ಷ ಬೆಳೆ ಸಮೃದ್ಧವಾಗಿತ್ತು. ಜೋಳದ ಬೆಲೆ ಇಳಿಯುತ್ತಿತ್ತು. ಸರಕಾರದಿಂದ ಆಧಾರಬೆಲೆ ದೊರೆಯಬೇಕಾದರೆ ಕಾಳನ್ನು ತಕ್ಕ ಕಣಜದಲ್ಲಿ ಕೂಡಿಡಬೇಕು; ಆದರೆ ಹೊಸ ಕಣಜಗಳನ್ನು ಒದಗಿಸಲು ಸರಕಾರಿ ನಿಗಮಕ್ಕಿದ್ದ ಅಧಿಕಾರವನ್ನು ಆ ವರ್ಷದ ಶಾಸನವು ಮೊಟಕುಮಾಡಿತ್ತು. ಐಕ್ಯ, ಪ್ರಗತಿ ಎಂಬ ಶಬ್ದಗಳಿಂದ ಅಲುಗದ ರೈತನು, ತನ್ನ ಅಂಗಳದಲ್ಲಿ ರಾಶಿಬಿದ್ದ ಜೋಳದ ಮಾತು ಬಂದೊಡನೆ ಕಿವಿ ನಿಮಿರಿಸಿದನು. ಅಕ್ಟೋಬರದಲ್ಲಿ ಇಲಿನಾಯ್ ಸಂಸ್ಥಾನದಲ್ಲಿ ಡ್ಯೂಯಿಯವರ ಗಾಡಿಯು ಅಕಸ್ಮಾತ್ತಾಗಿ ಹಿಂದಕ್ಕೆ, ಜನರ ಕಡೆಗೆ, ಸರಿಯಿತು. ಯಾರಿಗೂ ಪೆಟ್ಟಾಗಲಿಲ್ಲವಾದರೂ ಅವರು ಸಿಟ್ಟಿನಿಂದ ಇಂಜಿನ್ ನಡೆಸುವವನನ್ನು ಎಲ್ಲರ ಮುಂದೆ ಹಳಿದರು. ದುಡಿಯುವ ಜನ ಆ ಮಾತನ್ನು ಮರೆಯಲಿಲ್ಲ.

ನವೆಂಬರ ೨ರಂದು ಮತದಾನವಾಯಿತು. ಆ ರಾತ್ರಿ ‘ಶಿಕಾಗೋ ಟ್ರಿಬ್ಯೂನ್’ ಪತ್ರಿಕೆಯು ಎಣಿಕೆ ಮುಗಿಯುವುದಕ್ಕೆ ಕಾಯದೆ, ಡ್ಯೂಯಿಯವರು ಟ್ರೂಮನ್ನರನ್ನು ಸೋಲಿಸಿದರೆಂಬ ತಲೆಬರಹವನ್ನು ದೊಡ್ಡಕ್ಷರಗಳಲ್ಲಿ ಅಚ್ಚುಹಾಕಿತು. ಗೆದ್ದ ಟ್ರೂಮನ್ನರು ವಾಷಿಂಗ್ಟನ್ನಿಗೆ ಮರಳುವ ದಾರಿಯಲ್ಲಿ, ಸೇಂಟ್ ಲೂಯಿ ನಗರದ ಸ್ಟೇಷನ್ನಿನಲ್ಲಿ, ಅದೇ ಪತ್ರಿಕೆಯನ್ನು ಎತ್ತಿ ಹಿಡಿದು ನಗುತ್ತಿರುವ ಚಿತ್ರವು ಜಗತ್ಪ್ರಸಿದ್ಧವಾಗಿದೆ. ಅವರಿಗೆ ಸುಮಾರು ೨ ಕೋಟಿ ೪೨ ಲಕ್ಷ ಮತಗಳು, ಡ್ಯೂಯಿಯವರಿಗೆ ಸುಮಾರು ೨ ಕೋಟಿ ೨೦ ಲಕ್ಷ. ನಿರ್ವಾಚಕರ ಮತಗಳು ಅನುಕ್ರಮವಾಗಿ ೩೦೩ ಮತ್ತು ೧೮೯, ಥರ್ಮಂಡರಿಗೆ ೩೯. ನಾಲ್ಕು ವರ್ಷ ಹಿಂದೆ ಡ್ಯೂಯಿಯವರನ್ನೇ ಮೆಚ್ಚಿದ್ದ ಅಯೋವ, ವಿಸ್ಕಾನ್ಸಿನ್, ಓಹಾಯೋ ಸಂಸ್ಥಾನಗಳು ಈ ಸಲ ಟ್ರೂಮನ್ನರ ಕಡೆಗೆ ಬಂದಿದ್ದುವು.

ಅಂಕೆಗಳನ್ನು ಇನ್ನಷ್ಟು ಹತ್ತಿರದಿಂದ ನೋಡಿದರೆ ವಿಷಯದ ತಿರುಳು ತಿಳಿಯುತ್ತದೆ. ಟ್ರೂಮನ್ನರು ಓಹಾಯೋವನ್ನು ಗೆದ್ದುದು ಸುಮಾರು ೭,೦೦೦ ಮತಗಳಿಂದ. ಕ್ಯಾಲಿಫೋರ್ನಿಯವನ್ನು ಸುಮಾರು ೧೮,೦೦೦ದಿಂದ. ಇಲಿನಾಯನ್ನು ಸುಮಾರು ೩೪,೦೦೦ದಿಂದ. ಈ ಮೂರು ಸಂಸ್ಥಾನಗಳ ನಿರ್ವಾಚಕರು ಒಟ್ಟು ೭೮ ಮಂದಿ. ಅವರು ಆ ಕಡೆ ಹೋಗಿದ್ದರೆ ಡ್ಯೂಯಿಯವರಿಗೆ ೨೬೭ ಆಗಿ ಅವರೇ ಅಧ್ಯಕ್ಷರಾಗುತ್ತಿದ್ದರು. ಗೆದ್ದವರ ಕಡೆಯಿಂದ ಮೂವತ್ತು ಸಾವಿರ ಮಂದಿ ಎದುರಾಳಿಯ ಕಡೆಗೆ ಸರಿದಿದ್ದರೆ, ಅವರು ಈ ಮೂರು ಕಡೆ ತಕ್ಕಂತೆ ಹಂಚಿಕೊಂಡಿದ್ದಲ್ಲಿ, ಫಲವು ಬದಲಾಗುತ್ತಿತ್ತು. ಕೋಟಿಗಳ ತಕ್ಕಡಿಯ ಮುಳ್ಳನ್ನು ಕೆಲವೇ ಸಾವಿರಗಳು ತಿರುಗಿಸುವುದೆಂದರೆ ಇದೇ.

ಹಾಗಾದರೆ ಅಳೆಯುವವರು ತಪ್ಪಿದುದೆಲ್ಲಿ? ಚುನಾವಣೆಯ ಬಳಿಕ ವಿದ್ವಾಂಸರ ಸಮಿತಿಯೊಂದು ಇದನ್ನು ಪರೀಕ್ಷಿಸಿ ೧೯೪೯ರಲ್ಲಿ ವರದಿಯನ್ನು ಪ್ರಕಟಿಸಿತು. ಯಾರನ್ನು ಪ್ರಶ್ನಿಸಬೇಕೆಂಬುದನ್ನು ಆರಿಸುವ ಕ್ರಮದಲ್ಲಿ ದೋಷವಿತ್ತು. ಕೊನೆಯ ವಾರಗಳಲ್ಲಿ ಜನರ ಮನಸ್ಸು ತಿರುಗಿದುದನ್ನು ಅಳೆಯುವವರು ಕಾಣಲಿಲ್ಲ. ಇನ್ನೂ ನಿಶ್ಚಯಿಸಿಲ್ಲವೆಂದು ಹೇಳಿದವರು ಕಟ್ಟಕಡೆಗೆ ಏನು ಮಾಡಿಯಾರೆಂಬುದನ್ನು ಸರಿಯಾಗಿ ತೂಗಲಿಲ್ಲ. ಮನಸ್ಸು ಮಾಡದವನೂ ಮನಸ್ಸು ಮಾಡಿದವನಂತೆಯೇ ನಡೆದುಕೊಳ್ಳುವನೆಂಬ ಊಹೆಯೇ ಅವರಿಗೆ ಮುಳುವಾಯಿತು.

ಈ ಡೋಲಾಯಮಾನ ಮನಸ್ಸಿನ ಒಳಗನ್ನು ಮೊದಲು ಶಾಸ್ತ್ರೀಯವಾಗಿ ಶೋಧಿಸಿದವರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದ ಪಾಲ್ ಲಾಜರ್ಸ್‌ಫೆಲ್ಡರೂ ಅವರ ಸಂಗಡಿಗರೂ ಮುಖ್ಯರು. ಅವರು ೧೯೪೦ರ ಚುನಾವಣೆಯಲ್ಲಿ ಓಹಾಯೋ ಸಂಸ್ಥಾನದ ಈರೀ ಜಿಲ್ಲೆಯ ೬೦೦ ಮಂದಿಯನ್ನು ತಿಂಗಳು ತಿಂಗಳೂ ಕಂಡು ಮಾತನಾಡಿಸಿದರು; ೧೯೪೮ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಎಲ್ಮೈರ ಪಟ್ಟಣದಲ್ಲಿಯೂ ಇಂಥದೇ ಅಧ್ಯಯನವನ್ನು ನಡೆಸಿದರು. ಬಹುಜನರು ಪ್ರಚಾರ ಆರಂಭವಾಗುವ ಮೊದಲೇ ನಿಶ್ಚಯಿಸಿರುತ್ತಾರೆ. ಭಾಷಣಗಳು ಅವರ ನಿಶ್ಚಯವನ್ನು ಗಟ್ಟಿಗೊಳಿಸುತ್ತವೆ, ಅಷ್ಟೆ. ತಡಮಾಡುವವರಲ್ಲಿ ಕೆಲವರಿಗೆ ರಾಜಕೀಯದಲ್ಲಿ ಆಸಕ್ತಿ ಕಡಮೆ. ಇನ್ನು ಕೆಲವರು ಎರಡು ಕಡೆಯಿಂದಲೂ ಸೆಳೆಯಲ್ಪಡುವವರು: ಅಲ್ಲಿಯ ಶ್ರೀಮಂತ ಕ್ಯಾಥೊಲಿಕನನ್ನು ಅವನ ಸಂಪತ್ತು ರಿಪಬ್ಲಿಕನರ ಕಡೆಗೂ ಅವನ ಮತಬಾಂಧವರು ಡೆಮಾಕ್ರಟರ ಕಡೆಗೂ ಎಳೆಯುತ್ತಿದ್ದರು. ಇಂಥವರನ್ನು ಪತ್ರಿಕೆಯೂ ರೇಡಿಯೋವೂ ಅಲುಗಿಸಿದುದಕ್ಕಿಂತ ಹೆಚ್ಚಾಗಿ ಅಲುಗಿಸಿದುದು ತಮ್ಮವರ ಮಾತು. ಮನೆಯವರು, ನೆರೆಯವರು, ಜೊತೆಯಲ್ಲಿ ದುಡಿಯುವವರು ಆಡಿದ ಮಾತು. ಎಲ್ಮೈರದಲ್ಲಿ ಕಂಡುದೇನೆಂದರೆ, ಡೆಮಾಕ್ರಟಿಕ್ ಪಕ್ಷದಿಂದ ದೂರ ಸರಿಯುತ್ತಿದ್ದ ಕೆಲವರು, ಬೆಲೆ ಮತ್ತು ಕೂಲಿಯ ಪ್ರಶ್ನೆಗಳು ಮುಂದೆ ಬಂದಾಗ ಮರಳಿ ಅತ್ತ ಬಂದರು. ಟ್ರೂಮನ್ನರು ಎತ್ತಿದುದು ಆ ಪ್ರಶ್ನೆಗಳನ್ನೇ.

ಇಷ್ಟರಿಂದ ಟ್ರೂಮನ್ನರು ಹೇಳಿದುದೆಲ್ಲವೂ ನ್ಯಾಯವಾಗಿತ್ತೆಂದು ವಾಚಕರು ಭಾವಿಸಬಾರದು. ಅವರು ಅಲ್ಲಿಯ ಶಾಸನಸಭೆಯಾದ ಕಾಂಗ್ರೆಸ್ಸನ್ನು ಏನೂ ಮಾಡದ ಸಭೆಯೆಂದು ಊರೂರಲ್ಲಿ ಜರೆದರು. ಆದರೆ ಯುದ್ಧದಿಂದ ಜರ್ಜರಿತವಾದ ಯೂರೋಪಿಗೆ ನೆರವನ್ನೀಯುವ ಮಾರ್ಷಲ್ ಯೋಜನೆಯನ್ನು ಅಂಗೀಕರಿಸಿದುದು ಅದೇ ಸಭೆ. ಕಣಜಗಳ ಅಧಿಕಾರವನ್ನು ಮೊಟಕುಮಾಡಿದ ಶಾಸನಕ್ಕೂ ಟ್ರೂಮನ್ನರೇ ಸಹಿ ಹಾಕಿದ್ದರು. ಹತ್ತಿರ ಬಂದು ನಮ್ಮ ಕಷ್ಟವನ್ನಾಡುವವನ ಮಾತಿನಲ್ಲಿಯೂ ಅರ್ಧಸತ್ಯವಿರಬಹುದು. ಅವನು ಬಂದನೆಂಬುದಕ್ಕೆ ಮನ್ನಣೆ ಕೊಡೋಣ. ಅವನು ಹೇಳಿದುದನ್ನು ಪರೀಕ್ಷಿಸೋಣ. ಮನವೊಲಿಸುವುದು ಉಮೇದುವಾರನ ಕೆಲಸವಾದರೆ ತೂಗಿ ನೋಡುವುದು ಮತದಾರನ ಕೆಲಸ.

ನಮ್ಮ ದೇಶದಲ್ಲಿ ೧೯೮೯ರಿಂದ ಹದಿನೆಂಟು ವರ್ಷ ತುಂಬಿದವರಿಗೆ ಮತದ ಹಕ್ಕು ದೊರೆತಿದೆ. ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ಹತ್ತನೆಯ ವರ್ಗದ ವಿದ್ಯಾರ್ಥಿಗಳು ಇನ್ನೆರಡು ಮೂರು ವರ್ಷಗಳಲ್ಲಿ ಮತದಾರರಾಗುವರು. ಆಗ ಅವರಲ್ಲಿ ಯಾರಾದರೂ ಕೂಡಲೆ ಮನಸ್ಸು ಮಾಡದೆ ಯೋಚಿಸುತ್ತ ನಿಂತರೆ ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಆದರೆ ನಿಂತವನು ವಿಚಾರಿಸುತ್ತ ನಿಲ್ಲಬೇಕು, ನಿದ್ರಿಸುತ್ತ ನಿಲ್ಲಬಾರದು. ಇನ್ನು ಮುಂದಿನ ಮಳೆಗಾಲದಲ್ಲಿ ಶಾಲೆಯ ಮುಖಂಡರಾಗಬಯಸುವವರಿಗೆ ನಮ್ಮ ಒಂದು ಸೂಚನೆ: ಚಪ್ಪಾಳೆ ದೊರೆಯುವಲ್ಲಿಗೆ ಮತ್ತೆ ಮತ್ತೆ ಹೋಗುವುದನ್ನು ಬಿಟ್ಟು, ಕಡೆಯ ಬೆಂಚಿನವರೆಗೆ ನಡೆದುಹೋಗಿರಿ, ಅಲ್ಲಿ ಕುಳಿತವನ ಕಷ್ಟವೇನೆಂದು ಕೇಳಿರಿ, ನಿಮ್ಮಿಂದ ಆಗುವುದನ್ನಷ್ಟೇ ಹೇಳಿರಿ. ಅವನ ಮತ ನಿಮಗೆ ದೊರೆಯಲಿ, ದೊರೆಯದಿರಲಿ, ಅವನನ್ನು ಲೆಕ್ಕಕ್ಕೆ ತೆಗೆದುಕೊಂಡಿರೆಂಬ ಗೌರವವು ನಿಮಗೆ ಸಲ್ಲುತ್ತದೆ.