ಡೆಲ್ಲಿ ಗಾಡಿ, ಪಾಂಡಿಚೇರಿ ನಂಬರು, ಬಂಡಳ್ಳಿ ರಸ್ತೆ: ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರಿನ ಲೆಕ್ಕಾಚಾರ

ಹತ್ತು ವರ್ಷದ ಹಿಂದೆ ಊರಲ್ಲಿ ಯಾರಾದರೂ ಸೆಕೆಂಡ್ ಹ್ಯಾಂಡ್ ಕಾರು ಅಂದ್ರೆ ಅದು ಆಲ್ಟೋ, ಇಂಡಿಕಾ, ತುಸು ಅನುಕೂಲ ಇದ್ದವರಾದ್ರೆ ಇನ್ನೋವಾ. ಈಗ ಹನೂರು ತಾಲ್ಲೂಕಿನ ಬಂಡಳ್ಳಿಯಿಂದ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿ ಕೇಳೋದು ಬೇರೆಯೇ. "ಅಣ್ಣೋ, ಬಿಎಂಡಬ್ಲ್ಯು ಜಿಟಿ ಒಂದದೆ, ಡೆಲ್ಲಿ ಗಾಡಿ. ಅರ್ಧಕ್ಕರ್ಧ ರೇಟು ಕನ. ತಕ್ಕಬುಡ್ಲಾ?" ಅವನೊಬ್ಬನೇ ಅಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಹುಡುಗರ ರೀಲ್ಸ್ ನೋಡಿದ್ರೆ ಗೊತ್ತಾಗುತ್ತೆ, ಆಸೆ ಎಲ್ಲಿಗೆ ಬಂದಿದೆ ಅಂತ. ರಾಜಕೀಯದಲ್ಲಿ ಮೇಲೆ ಬರಬೇಕು ಅನ್ನೋ ಹುಡುಗನಿಗಂತೂ ಬಿಳಿ ಅಂಗಿ, ಹಿಂದೆ ನಾಲ್ಕು ಜನ, ಮುಂದೆ ಒಂದು ಜರ್ಮನ್ ಕಾರು ಇದ್ದರೇನೇ ಮರ್ಯಾದೆ ಅನ್ನಿಸಿಬಿಟ್ಟಿದೆ.

ಆಸೆಯನ್ನು ಆಡಿಕೊಳ್ಳೋದು ನನ್ನ ಉದ್ದೇಶ ಅಲ್ಲ. ಒಳ್ಳೆ ಕಾರು ಒಳ್ಳೆಯದೇ. ಆದರೆ ಯಾವ ಕಂಪನಿಯದು ತಗೊಳ್ಳಲಿ ಅಂತ ಕೇಳುವವರಿಗೆ ನಾನು ಮೊದಲು ಹೇಳೋದು, ಆಯ್ಕೆ ಇರೋದು ಬಿಎಂಡಬ್ಲ್ಯು, ಬೆಂಜ್, ಜಾಗ್ವಾರ್ ನಡುವೆ ಅಲ್ಲ, ಕಾಗದ ಪತ್ರಗಳ ನಡುವೆ ಅಂತ.

ಜಿಟಿ ಅಂದ್ರೆ ಗ್ರಾನ್ ಟೂರಿಸ್ಮೊ, ಇಟಲಿಯ ಮಾತು. ದೂರದ ಊರಿಗೆ ವೇಗವಾಗಿ, ಸುಸ್ತಾಗದೆ, ಲಗೇಜು ಸಮೇತ ಹೋಗೋಕೆ ಮಾಡಿದ ಕಾರು. ಯೂರೋಪಿನಲ್ಲಿ ಇದರ ಅರ್ಥ ಎರಡು ಬಾಗಿಲಿನ, ದೊಡ್ಡ ಎಂಜಿನ್ನಿನ ಗಾಡಿ. ಬೆಂಟ್ಲಿ ಕಾಂಟಿನೆಂಟಲ್ ಜಿಟಿ, ಆಸ್ಟನ್ ಮಾರ್ಟಿನ್ ಡಿಬಿ9, ಮಸೆರಾಟಿ ಗ್ರಾನ್ ಟೂರಿಸ್ಮೊ ಇಂಥವು. ನಮ್ಮಲ್ಲಿ ಜಿಟಿ ಅಂದ್ರೆ ಹೆಚ್ಚಾಗಿ ಬಿಎಂಡಬ್ಲ್ಯು ಚೆನ್ನೈ ಬಳಿಯ ಕಾರ್ಖಾನೆಯಲ್ಲಿ ಜೋಡಿಸಿ ಮಾರಿದ ನಾಲ್ಕು ಬಾಗಿಲಿನ ಗಾಡಿಗಳು: 2014ರಲ್ಲಿ ಬಂದ 3 ಸೀರೀಸ್ ಜಿಟಿ, 2018ರಲ್ಲಿ ಬಂದ 6 ಸೀರೀಸ್ ಜಿಟಿ. ಹಿಂದಿನ ಸೀಟಲ್ಲಿ ಕಾಲು ಚಾಚಿ ಕೂರಬಹುದು, ಡಿಕ್ಕಿ ದೊಡ್ಡದು. ಡ್ರೈವರ್ ಇಟ್ಟುಕೊಂಡು ಹಿಂದೆ ಕೂರುವವರ ದೇಶಕ್ಕೆ ಹೇಳಿ ಮಾಡಿಸಿದಂತಿದೆ.

ಸರಿ, ಅರ್ಧ ರೇಟಿಗೆ ಯಾಕೆ ಸಿಗುತ್ತೆ? ಹಳೆಯದಾಯ್ತು ಅನ್ನೋದು ಒಂದು ಕಾರಣ. ಐಷಾರಾಮಿ ಕಾರಿನ ಬೆಲೆ ಮೊದಲ ನಾಲ್ಕೈದು ವರ್ಷದಲ್ಲೇ ಕಲ್ಲು ಬಿದ್ದಂಗೆ ಬೀಳುತ್ತೆ. ಅದನ್ನು ಮೊದಲ ಮಾಲೀಕ ಅನುಭವಿಸಿರ್ತಾನೆ, ಎರಡನೆಯವನಿಗೆ ಲಾಭ. ಇದರಲ್ಲಿ ಮೋಸ ಏನೂ ಇಲ್ಲ. ಉಳಿದ ಕಾರಣಗಳನ್ನು ಮಾತ್ರ ಮಾರುವವನು ತಾನಾಗಿ ಹೇಳಲ್ಲ.

ಡೆಲ್ಲಿ ಗಾಡಿಯನ್ನೇ ತಗೊಳ್ಳಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿದ್ದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು: ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸುವಂತಿಲ್ಲ. 2025ರ ಜುಲೈನಲ್ಲಿ ಅಂಥವಕ್ಕೆ ಬಂಕಲ್ಲಿ ಎಣ್ಣೆಯನ್ನೇ ಹಾಕಬೇಡಿ ಅನ್ನೋ ಆದೇಶ ಬಂದು ಕೆಲವೇ ದಿನದಲ್ಲಿ ನಿಂತಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಸದ್ಯಕ್ಕೆ ಬಲವಂತದ ಕ್ರಮ ಬೇಡ ಎಂದಿತು. ಈ ಗೊಂದಲದಲ್ಲಿ ಮಾಲೀಕರು ವಯಸ್ಸು ಮುಗಿಯುವ ಮೊದಲೇ ಎನ್‌ಒಸಿ ತೆಗೆಸಿ ದಕ್ಷಿಣಕ್ಕೆ ಸಾಗಹಾಕುತ್ತಾರೆ. ದೆಹಲಿಯ ಗಾಳಿಗೆ ಬೇಡವಾದ ಹೊಗೆ ಬಂಡಳ್ಳಿಯ ಗಾಳಿಗೆ ಯಾಕೆ ಬೇಕು ಅಂತ ನಮ್ಮಲ್ಲಿ ಯಾರೂ ಕೇಳಿದ್ದು ನಾನಂತೂ ಕಂಡಿಲ್ಲ.

ಇನ್ನೊಂದು, ನೀರಲ್ಲಿ ಮುಳುಗಿದ ಗಾಡಿ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಯಮಲೂರು ಕಡೆಯ ಶ್ರೀಮಂತ ಬಡಾವಣೆಯಲ್ಲಿ ಕೋಟಿ ಬೆಲೆಯ ಕಾರುಗಳು ಕೆಸರಲ್ಲಿ ನಿಂತಿದ್ದ ಫೋಟೋ ನೆನಪಿರಬೇಕು. ಹೀಗೆ ಮುಳುಗಿದ ಕಾರನ್ನು ವಿಮೆ ಕಂಪನಿಗಳು ಹರಾಜು ಹಾಕ್ತವೆ. ತೊಳೆದು, ಸೀಟು ಬದಲಾಯಿಸಿ ಮತ್ತೆ ಮಾರುಕಟ್ಟೆಗೆ ಬಿಡುವವರಿದ್ದಾರೆ. ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆದು ನೋಡಿ, ಡಿಕ್ಕಿಯ ಕಾರ್ಪೆಟ್ ಎತ್ತಿ ನೋಡಿ. ಮಣ್ಣಿನ ಗೆರೆ ಅಲ್ಲಿ ಉಳಿದಿರುತ್ತೆ.

ಎಲ್ಲಕ್ಕಿಂತ ದೊಡ್ಡದು ತೆರಿಗೆ. ನಿಧಾನವಾಗಿ ನೋಡಬೇಕಾದ್ದು ಇಲ್ಲೇ.

ಕರ್ನಾಟಕದಲ್ಲಿ ಹೊಸ ಕಾರಿಗೆ ಜೀವಾವಧಿ ತೆರಿಗೆ ಬೆಲೆಯ ಮೇಲೆ ನಿಂತಿದೆ. 5 ಲಕ್ಷದೊಳಗೆ ಶೇ 13, 5ರಿಂದ 10 ಲಕ್ಷಕ್ಕೆ ಶೇ 14, 10ರಿಂದ 20ಕ್ಕೆ ಶೇ 17, 20 ಲಕ್ಷದ ಮೇಲೆ ಶೇ 18. ಮೇಲೆ ಸೆಸ್ ಬೇರೆ. ದೇಶದಲ್ಲೇ ಅತಿ ಹೆಚ್ಚು ತೆರಿಗೆ ಹಾಕುವ ರಾಜ್ಯಗಳಲ್ಲಿ ನಮ್ಮದೂ ಒಂದು. ಪುದುಚೇರಿಯಲ್ಲಿ ಇದು ತೀರಾ ಕಡಿಮೆ. ಹಾಗಾಗಿ ಅಲ್ಲೊಂದು ವಿಳಾಸ ಹುಟ್ಟಿಸಿ ನಂಬರ್ ಹಾಕಿಸಿ, ಗಾಡಿಯನ್ನು ಬೆಂಗಳೂರಲ್ಲೋ ಕೊಚ್ಚಿಯಲ್ಲೋ ಓಡಿಸೋದು ದಕ್ಷಿಣದ ಸಿರಿವಂತರ ಹಳೇ ಕಸುಬು. ಕೇರಳದಲ್ಲಿ 2017ರಲ್ಲಿ ಸಿನಿಮಾ ತಾರೆಯರ ಮೇಲೆ ಕೇಸು ಬಿದ್ದಿದ್ದು ಇದಕ್ಕೇ. 2025ರ ಸೆಪ್ಟೆಂಬರ್‌ನಲ್ಲಿ ಅದೇ ರಾಜ್ಯದಲ್ಲಿ ಕಸ್ಟಮ್ಸ್‌ನವರು 'ನುಂಖೋರ್' ಕಾರ್ಯಾಚರಣೆ ಮಾಡಿದರು. ಭೂತಾನಿನಿಂದ ಕಳ್ಳದಾರಿಯಲ್ಲಿ ತಂದ ಹಳೆಯ ಐಷಾರಾಮಿ ಗಾಡಿಗಳಿಗೆ ಸುಳ್ಳು ದಾಖಲೆ ಸೃಷ್ಟಿಸಿ ಇಲ್ಲಿ ನೋಂದಾಯಿಸಿದ ಆರೋಪ. ಗಾಡಿ ವಶಕ್ಕೆ ಹೋದದ್ದು ಕೊನೆಯದಾಗಿ ಯಾರ ಬಳಿ ಇತ್ತೋ ಅವರ ಮನೆಯಿಂದ.

ಕಾನೂನು ಏನು ಹೇಳುತ್ತೆ? ಮೋಟಾರು ವಾಹನ ಕಾಯ್ದೆ 1988ರ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಇಲ್ಲಿನ ನಂಬರ್ ಹಾಕಿಸಲೇಬೇಕು. 2014ರಲ್ಲಿ ರಾಜ್ಯ ಸರ್ಕಾರ ಇದನ್ನು 30 ದಿನಕ್ಕಿಳಿಸಿ ತೆರಿಗೆ ವಸೂಲಿಗೆ ಹೊರಟಾಗ ಹೈಕೋರ್ಟ್ ಒಪ್ಪಲಿಲ್ಲ. ಐಟಿ ಕೆಲಸಕ್ಕೆ ಬಂದ ಹೊರರಾಜ್ಯದ ಸಾಮಾನ್ಯ ಜನಕ್ಕೆ ಅದರಿಂದ ಉಸಿರಾಡುವಂತಾಯ್ತು, ಸರಿ. ಆದರೆ ಈ 12 ತಿಂಗಳ ಗಡುವನ್ನೇ ಕೆಲವರು ವರ್ಷಗಟ್ಟಲೆ ಹಿಗ್ಗಿಸಿಕೊಂಡರು. ಗಾಡಿ ಯಾವತ್ತು ಗಡಿ ದಾಟಿ ಬಂತು ಅಂತ ತೋರಿಸೋದು ಯಾರು?

2025ರಲ್ಲಿ ಸಾರಿಗೆ ಇಲಾಖೆ ಸ್ವಲ್ಪ ಎಚ್ಚೆತ್ತಿತು. ಫೆಬ್ರುವರಿಯಲ್ಲಿ ಬೆಂಗಳೂರಲ್ಲಿ ಫೆರಾರಿ, ಪೋರ್ಷೆ, ಆಸ್ಟನ್ ಮಾರ್ಟಿನ್ ಸೇರಿ ಸುಮಾರು 30 ಗಾಡಿ ಹಿಡಿದರು. ಜುಲೈನಲ್ಲಿ ಮಹಾರಾಷ್ಟ್ರ ನಂಬರಿನ ಒಂದೇ ಒಂದು ಫೆರಾರಿಯಿಂದ 1.42 ಕೋಟಿ ರೂಪಾಯಿ ವಸೂಲಾಯಿತು. ಅದೇ ತಿಂಗಳು ಕೆಜಿಎಫ್ ಬಾಬು ಅವರ ಎರಡು ರೋಲ್ಸ್ ರಾಯ್ಸ್ ಸುದ್ದಿಗೆ ಬಂದವು. ಎರಡೂ ಸೆಕೆಂಡ್ ಹ್ಯಾಂಡ್. ಒಂದು ಅಮಿತಾಭ್ ಬಚ್ಚನ್ ಅವರಿಂದ, ಇನ್ನೊಂದು ಆಮಿರ್ ಖಾನ್ ಅವರಿಂದ ಬಂದದ್ದು. ದಾಖಲೆಯಲ್ಲಿ ಹೆಸರು ಬದಲಾಗಿರಲಿಲ್ಲ, ನಂಬರ್ ಮಹಾರಾಷ್ಟ್ರದ್ದೇ. ಹಾಗಾಗಿ ಸುದ್ದಿಯಲ್ಲಿ ಮೊದಲು ಮೆರೆದದ್ದು ಬಚ್ಚನ್ ಹೆಸರು, 38 ಲಕ್ಷಕ್ಕೂ ಹೆಚ್ಚು ಕಟ್ಟಬೇಕಾಗಿ ಬಂದದ್ದು ಕೊಂಡವರಿಗೆ.

ಇದನ್ನು ಬಂಡಳ್ಳಿಯ ಲೆಕ್ಕಕ್ಕೆ ತರೋಣ. 6 ಸೀರೀಸ್ ಜಿಟಿ 2018ರಲ್ಲಿ ಬಂದಾಗ ಎಕ್ಸ್ ಶೋರೂಂ ಬೆಲೆ ಸುಮಾರು 59 ಲಕ್ಷದಿಂದ ಶುರು. ಹೊರರಾಜ್ಯದ ಅಂಥದ್ದೊಂದು ನಿಮಗೆ ಇವತ್ತು 25 ಲಕ್ಷಕ್ಕೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಕೆಎ-10 ನಂಬರ್ ಹಾಕಿಸೋಕೆ ಚಾಮರಾಜನಗರ ಆರ್‌ಟಿಒಗೆ ಹೋದರೆ ಅವರು ನೀವು ಕೊಟ್ಟ 25 ಲಕ್ಷ ನೋಡಲ್ಲ. ಗಾಡಿಯ ಮೂಲ ಬೆಲೆ ಹಿಡಿದು ತೆರಿಗೆ ಲೆಕ್ಕ ಹಾಕಿ, ವಯಸ್ಸಿಗೆ ತಕ್ಕಂತೆ ಅದರಲ್ಲಿ ಕಡಿಮೆ ಮಾಡ್ತಾರೆ. 59 ಲಕ್ಷಕ್ಕೆ ಶೇ 18 ಅಂದ್ರೆ 10.62 ಲಕ್ಷ. ವಯಸ್ಸಿನ ಕಾರಣಕ್ಕೆ ಅದು ಅರ್ಧಕ್ಕಿಳಿದರೂ 5 ಲಕ್ಷ ದಾಟಿತು, ಸೆಸ್ ಬಿಟ್ಟು. ಅರ್ಧ ರೇಟು ಎಲ್ಲಿ ಉಳೀತು? ಹಳೇ ರಾಜ್ಯದಲ್ಲಿ ಕಟ್ಟಿದ ತೆರಿಗೆಯಲ್ಲಿ ಬಾಕಿ ವಾಪಸ್ ಬರುತ್ತೆ ಅಂತ ಮಾರುವವನು ಹೇಳ್ತಾನೆ. ಅದಕ್ಕೆ ನೀವು ಆ ರಾಜ್ಯದ ಕಚೇರಿಗೆ ಅಲೀಬೇಕು. ಹನೂರಿನಿಂದ ದೆಹಲಿಗೆ.

ಈಗ ನನ್ನ ಸಿಟ್ಟಿನ ವಿಷಯ. ನಮ್ಮ ರಾಜ್ಯದಲ್ಲಿ 1 ಲಕ್ಷ ದಾಟಿದ ಬೈಕಿಗೂ ಜೀವಾವಧಿ ತೆರಿಗೆ ಶೇ 18. ಇವತ್ತು ಸ್ವಲ್ಪ ಗಟ್ಟಿ ಬೈಕ್ ಯಾವುದು 1 ಲಕ್ಷದೊಳಗೆ ಬರುತ್ತೆ? ಕೊಳ್ಳೇಗಾಲದ ರೇಷ್ಮೆ ಮಾರುಕಟ್ಟೆಗೆ ಗೂಡು ಹಾಕಿಕೊಂಡು ಹೋಗುವವನ ಬೈಕೂ, ಬೆಂಗಳೂರಿನ ಮೂರು ಕೋಟಿಯ ಬೆಂಟ್ಲಿಯೂ ಸರ್ಕಾರದ ಕಣ್ಣಿಗೆ ಒಂದೇ ಸ್ಲ್ಯಾಬು. ವ್ಯತ್ಯಾಸ ಏನು ಅಂದ್ರೆ ಬೈಕಿನವನು ಶೋರೂಮಲ್ಲೇ ಕಟ್ಟಿ ಬರ್ತಾನೆ, ಪಾಂಡಿಚೇರಿ ವಿಳಾಸ ಹುಡುಕುವ ತಾಕತ್ತು ಅವನಿಗಿಲ್ಲ. ತೆರಿಗೆ ಜಾಸ್ತಿ ಇರೋದಕ್ಕೇ ಜನ ತಪ್ಪಿಸ್ತಾರೆ ಅಂತ ಟಿವಿಯಲ್ಲಿ ಕೂತು ಹೇಳುವವರಿಗೆ ಈ ಬೈಕಿನವನು ಕಾಣೋದೇ ಇಲ್ಲ. ತೆರಿಗೆ ಇಳಿಸಬೇಕು ಅನ್ನೋದಾದ್ರೆ ಮೊದಲು ಇಳಿಯಬೇಕಾದ್ದು ಆ ಕಡೆ. ನೀವು ಹೊರರಾಜ್ಯದ ನಂಬರಲ್ಲೇ ಹನೂರು ಸುತ್ತುತ್ತಾ, ಸಭೆಯಲ್ಲಿ ರಸ್ತೆ ಸರಿ ಇಲ್ಲ ಅಂತ ಭಾಷಣ ಮಾಡಿದ್ರೆ ಕೇಳುವವರು ನಗ್ತಾರೆ.

ರಸ್ತೆಯ ಮಾತು ಬಂತು. ಜಿಟಿ ಇರೋದು ದೂರದ ದಾರಿಗೆ. ಬೆಂಗಳೂರು, ಕನಕಪುರ, ಮಳವಳ್ಳಿ, ಕೊಳ್ಳೇಗಾಲದ 948ನೇ ಹೆದ್ದಾರಿಯಲ್ಲಿ ಅದರ ಸುಖ ಕಾಣಬಹುದು. ಕಾಮಗೆರೆ ದಾಟಿ ಹನೂರು, ಅಲ್ಲಿಂದ ಬಂಡಳ್ಳಿ ಕಡೆ ತಿರುಗಿದರೆ ಹಂಪು, ಎತ್ತಿನ ಗಾಡಿ, ಒಕ್ಕಣೆಗೆ ಹರಡಿದ ಹುರುಳಿ. ಮಾದಪ್ಪನ ಬೆಟ್ಟಕ್ಕೆ ಹೋದರೆ ತಾಳಬೆಟ್ಟದಿಂದ ಮೇಲೆ ಬರೀ ತಿರುವು. ಶಿವರಾತ್ರಿ, ಯುಗಾದಿ, ದೀಪಾವಳಿಗೆ ಇದೇ ರಸ್ತೆಯಲ್ಲಿ ರಾತ್ರಿಯೆಲ್ಲಾ ಸಾವಿರಾರು ಜನ ನಡೆದುಕೊಂಡು ಹೋಗ್ತಾರೆ. 2025ರ ಏಪ್ರಿಲ್‌ನಲ್ಲಿ ಬೆಟ್ಟದ ಮೇಲೆ ಸಚಿವ ಸಂಪುಟ ಸಭೆ ನಡೆದಾಗ ದೊಡ್ಡ ಕಾರುಗಳ ಸಾಲನ್ನು ಊರವರು ನೋಡಿದ್ದಾರೆ, ಅದು ಒಂದು ದಿನದ್ದು. ದಿನವೂ ಓಡಿಸುವವರಿಗೆ ನೆಲಕ್ಕೆ ಅಂಟಿದ ಎರಡು ಬಾಗಿಲಿನ ಗಾಡಿ ಇಲ್ಲಿ ಶಿಕ್ಷೆ. ಬೆಂಟ್ಲಿ ಕಾಂಟಿನೆಂಟಲ್‌ನ 12 ಸಿಲಿಂಡರ್ ಎಂಜಿನ್ ಎಷ್ಟು ಇಕ್ಕಟ್ಟಾಗಿ ಕೂತಿದೆ ಅಂದ್ರೆ ಹಲವು ರಿಪೇರಿಗೆ ಎಂಜಿನ್ನನ್ನೇ ಕೆಳಗಿಳಿಸಬೇಕು. ಅದರ ಮಾತು ಬಿಡಿ.

ಎರಡು ಬಿಎಂಡಬ್ಲ್ಯುಗಳಲ್ಲಿ? 3 ಸೀರೀಸ್ ಜಿಟಿಯ ಮೊದಲ ವರ್ಷಗಳ 320ಡಿ ಡೀಸೆಲ್ ಎಂಜಿನ್ನಿನ ಟೈಮಿಂಗ್ ಚೈನ್ ಹಿಂದೆ, ಗೇರ್‌ಬಾಕ್ಸ್ ಕಡೆ ಇದೆ. ಸದ್ದು ಶುರುವಾದ್ರೆ ರಿಪೇರಿ ದೊಡ್ಡ ಖರ್ಚಿನದು. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಕೇಳಿ. ಮಾರುವವನು ನೀವು ಬರೋ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ವಾಪಸ್ ಬನ್ನಿ. 6 ಸೀರೀಸ್ ಜಿಟಿಯಲ್ಲಿ ಹಿಂದಿನ ಸಸ್ಪೆನ್ಷನ್ ಗಾಳಿಯದ್ದು. ಆ ಏರ್ ಬ್ಯಾಗು ರಬ್ಬರು, ವಯಸ್ಸಾದಂತೆ ಸೋರುತ್ತೆ. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಹಿಂದೆ ಕುಸಿದಿದ್ರೆ ಅದೇ ಕಾಯಿಲೆ. ರನ್ ಫ್ಲಾಟ್ ಟಯರ್ ಇದ್ದರೆ ಸ್ಟೆಪ್ನಿ ಇರಲ್ಲ, ಅದೇ ಅಳತೆಯ ಟಯರ್ ಹನೂರಲ್ಲಿ ಸಿಗಲ್ಲ. ದೊಡ್ಡ ರಿಪೇರಿ ಅಂದ್ರೆ ಬೆಂಗಳೂರೇ, ಲಾರಿ ಮೇಲೆ 150 ಕಿಲೋಮೀಟರ್‌ಗೂ ಹೆಚ್ಚು. ಪೆಟ್ರೋಲ್ ಗಾಡಿಯಾದರೆ ಇ20ಗೆ ಹೊಂದುತ್ತಾ ಅಂತ ಕೈಪಿಡಿಯಲ್ಲಿ ನೋಡಿ. ಬಂಕಿನಲ್ಲಿ ಈಗ ಸಿಗೋದು ಅದೇ, ಬೇರೆ ಆಯ್ಕೆಯನ್ನು ಸರ್ಕಾರ ನಮಗೆ ಬಿಟ್ಟಿಲ್ಲ.

ಇಷ್ಟಾದ ಮೇಲೂ ಬೇಕೇ ಬೇಕು ಅನ್ನುವವರಿಗೆ ನನ್ನ ಆಯ್ಕೆ: ಮೊದಲಿನಿಂದ ಕೆಎ ನಂಬರೇ ಇರುವ, ಒಬ್ಬನೇ ಮಾಲೀಕನ, ಸರ್ವೀಸ್ ದಾಖಲೆ ಪೂರ್ತಿ ಇರುವ 6 ಸೀರೀಸ್ ಜಿಟಿ ಅಥವಾ ಅದೇ ಕಾಲದ ಬೆಂಜ್ ಇ-ಕ್ಲಾಸ್. ಎರಡು ಮೂರು ಲಕ್ಷ ಜಾಸ್ತಿ ಆದರೂ ಸರಿ. ಎಂಪರಿವಾಹನ್ ಆಪ್‌ನಲ್ಲಿ ನಂಬರ್ ಹಾಕಿ, ಸಾಲ ಬಾಕಿ ಇದೆಯಾ, ವಿಮೆ ಚಾಲ್ತಿಯಲ್ಲಿದೆಯಾ, ಕಪ್ಪುಪಟ್ಟಿಗೆ ಸೇರಿದೆಯಾ ನೋಡಿ. ಸಾಲ ತೀರಿದ್ದರೆ ಬ್ಯಾಂಕಿನ ಫಾರಂ 35 ಕೈಗೆ ಬರಲಿ. 29, 30ನೇ ಫಾರಂಗೆ ಸಹಿ ಹಾಕಿಸಿಕೊಂಡು ಡ್ರಾಯರ್‌ನಲ್ಲಿ ಇಡಬೇಡಿ, ಆ ವಾರವೇ ಆರ್‌ಟಿಒಗೆ ಕೊಡಿ. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸದಿದ್ದರೆ ಗಾಡಿ ಜಖಂ ಆದಾಗ ಕಂಪನಿ ಕೈ ಎತ್ತುತ್ತೆ. ಮಾರುವವರಿಗೂ ಇದು ಅನ್ವಯ: ಅಪಘಾತದ ಪರಿಹಾರದಲ್ಲಿ ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ದುಡ್ಡು ಎಲ್ಲಿಂದ ಅನ್ನೋದು ನಿಮ್ಮ ಮನೆ ವಿಷಯ. ಆದ್ರೂ ಹೇಳ್ತೀನಿ. ಹಳೇ ಕಾರಿನ ಸಾಲದ ಬಡ್ಡಿ ಹೊಸದಕ್ಕಿಂತ ಜಾಸ್ತಿ, ಅವಧಿ ಕಡಿಮೆ. 2025ರ ಆರಂಭದಲ್ಲಿ ಇದೇ ಚಾಮರಾಜನಗರ ಜಿಲ್ಲೆಯಲ್ಲಿ ಮೈಕ್ರೋಫೈನಾನ್ಸ್ ಕಿರುಕುಳಕ್ಕೆ ಕುಟುಂಬಗಳು ಊರು ಬಿಟ್ಟವು. ಆಮೇಲೆ ಸುಗ್ರೀವಾಜ್ಞೆ ಬಂತು. ಅಷ್ಟು ಸಣ್ಣ ಸಾಲಕ್ಕೆ ಊರು ಬಿಡಿಸುವ ಕಡೆ, ಅಪ್ಪನ ಹೆಸರಿನ ಎರಡು ಎಕರೆ ಅಡ ಇಟ್ಟು ಜಿಟಿ ತರೋದಕ್ಕೆ ನಾನು ಹೂಂ ಅನ್ನಲಾರೆ. ಕ್ವಾರಿ ಇರುವವರ ಮಕ್ಕಳ ಲೆಕ್ಕ ಬೇರೆ, ಅವರು ನನ್ನನ್ನು ಕೇಳೋದೂ ಇಲ್ಲ.

ಚೌಕಾಸಿಗೆ ಒಂದು ವಿಷಯ ನೆನಪಿಡಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿದ್ದ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ 50ರವರೆಗಿದ್ದದ್ದು ಶೇ 40ಕ್ಕಿಳಿಯಿತು. ಹೊಸ ಐಷಾರಾಮಿ ಕಾರೇ ಅಗ್ಗ ಆಯ್ತು, ಹಾಗಾಗಿ ಹಳೆಯದೂ ಇಳಿಯಲೇಬೇಕು. ಡೀಲರ್ ಹಳೇ ಕಾರಿಗೆ ಕಟ್ಟುವ ಶೇ 18 ಜಿಎಸ್‌ಟಿ ಅವನ ಲಾಭದ ಅಂತರದ ಮೇಲೆ ಮಾತ್ರ, ಪೂರ್ತಿ ಬೆಲೆಯ ಮೇಲಲ್ಲ. ಪೂರ್ತಿ ಬೆಲೆಗೆ ತೆರಿಗೆ ಸೇರಿಸಿ ಬಿಲ್ ತೋರಿಸಿದ್ರೆ ಅಂತರ ಎಷ್ಟು ಅಂತ ಕೇಳಿ. ಖಾಸಗಿ ಮಾಲೀಕ ತನ್ನ ಸ್ವಂತ ಕಾರು ನೇರ ಮಾರಿದರೆ ಅದೂ ಇಲ್ಲ.