ಕಳೆನಾಶಕದ ಹಾನಿ ಮತ್ತು ವರ್ತಕರ ಬಿಲ್ಲು

ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನಂತೆಯೇ ಚಿತ್ರದುರ್ಗ, ಹಿರಿಯೂರು ಭಾಗದ ಹತ್ತಿಯೂ 2,4-ಡಿ ಕಳೆನಾಶಕವನ್ನು ಸಹಿಸದು. ಹೊಳಲ್ಕೆರೆ ಕಡೆಯ ಮೆಕ್ಕೆಜೋಳಕ್ಕೆ ಸಿಂಪಡಿಸಿದ್ದು ಗಾಳಿಯೊಡನೆ ನೆರೆಹೊಲ ಸೇರಿದರೆ ಹತ್ತಿಯ ಎಲೆಗಳು ಮುದುಡಿ ಬೆರಳುಗಳಂತೆ ಸೀಳುತ್ತವೆ. ಎಸ್ಟರ್ ರೂಪದ್ದು ಬಿಸಿಲಿಗೆ ಆವಿಯಾಗಿ ಇನ್ನೂ ದೂರ ಸಾಗುತ್ತದೆ. ಸೋಡಿಯಂ ಲವಣಕ್ಕೆ ಆ ದೋಷ ಕಡಿಮೆ. ಸರಿಯಾಗಿ ತೊಳೆಯದ ಪಂಪನ್ನೇ ಹತ್ತಿಗೆ ಬಳಸುವುದು ಮತ್ತೊಂದು ಕಾರಣ. ಕಳೆನಾಶಕಕ್ಕೆ ಪ್ರತ್ಯೇಕ ಪಂಪು ಇಡುವುದೇ ಅಗ್ಗವೆಂದು ಗ್ರಾಹಕರಿಗೆ ತಿಳಿಸಬೇಕು.

ನಷ್ಟವಾದ ರೈತರು ಮೊದಲು ಬರುವುದು ಅಂಗಡಿಗೆ. ನಾನು ಲೆಕ್ಕ ನೋಡುವ ಹೊಸದುರ್ಗದ ವರ್ತಕರೊಬ್ಬರ ಬಿಲ್ಲಿನಲ್ಲಿ ‘ಔಷಧ’ ಎಂದಷ್ಟೇ ಇತ್ತು. ಯಾವ ಔಷಧವೆಂದು ತೋರಿಸಲಾಗದೆ, ತಪ್ಪು ಯಾರದೆಂದು ತಿಳಿಯದೆಯೇ, ಪರಿಹಾರ ತೆತ್ತರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮಾರಾಟಗಾರರೂ ಹೊಣೆಗಾರರಾಗಬಹುದು. ಔಷಧದ ಪೂರ್ಣ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ಯಾವ ಬೆಳೆಗೆಂದು ಕೊಂಡರು ಎಂಬುದನ್ನು ಬಿಲ್ಲಿನಲ್ಲಿಯೇ ಬರೆಯಿರಿ. ನಕಲಿಗೆ ರೈತರ ಸಹಿಯನ್ನೂ ಪಡೆಯಿರಿ.